ಯೋಧರ ಟಿಕೆಟಿನ ಮನೆ

ಟ್ವೈಲಾ ಬ್ಯಾಬ್‌ಕಾಕ್ ಹದಿನಾಲ್ಕು ತಿಂಗಳು ಕಾರಿನಲ್ಲೇ ಸಂಸಾರ ಮಾಡಿದಳು. ಸಂಸಾರವೆಂದರೆ ಅವಳೊಬ್ಬಳೇ. ಹಿಂದಿನ ಸೀಟು ಮಲಗಲು, ಮುಂದಿನ ಸೀಟು ಕೂರಲು, ಡಿಕ್ಕಿಯಲ್ಲಿ ಎರಡು ಚೀಲ ಬಟ್ಟೆ, ಒಂದು ಸಣ್ಣ ಗ್ಯಾಸ್ ಒಲೆ, ಹತ್ತಾರು ಡಬ್ಬಿ ಸೂಪು. ಕೋಲ್ಟರ್ಸ್ ಲ್ಯಾಂಡಿಂಗ್ ಊರಿನ ನದಿಬದಿಯಲ್ಲಿ ಒಂದು ಸೋಫಾ ಅಂಗಡಿ ಮುಚ್ಚಿಹೋಗಿತ್ತು. ಅದರ ಹಿಂದಿನ ಬಯಲಲ್ಲಿ, ಗೋಡೆಗೆ ಒತ್ತಿಕೊಂಡಂತೆ, ಅವಳ ಹಳೆಯ ಬ್ಯೂಕ್ ಕಾರು ನಿಲ್ಲುತ್ತಿತ್ತು. ಊರಿನ ಈಜುಕೊಳಕ್ಕೆ ತಿಂಗಳ ಪಾಸು ಮಾಡಿಸಿಕೊಂಡಿದ್ದಳು. ಈಜುವುದಕ್ಕಲ್ಲ, ಸ್ನಾನಕ್ಕೆ. ಅಲ್ಲಿ ಪಾಸು ನೋಡುವ ಹೆಂಗಸು ಒಂದು ದಿನ, ನಿಮ್ಮಷ್ಟು ನಿಷ್ಠೆಯಿಂದ ಬರುವವರು ಯಾರೂ ಇಲ್ಲ, ಯಾವುದಾದರೂ ಸ್ಪರ್ಧೆಗೆ ತಯಾರಿಯೇ ಎಂದು ಕೇಳಿದಾಗ ಹೌದೆಂದಳು. ಯಾವ ಸ್ಪರ್ಧೆ ಎಂದು ಆಕೆ ಕೇಳಲಿಲ್ಲ, ಇವಳು ಹೇಳಲಿಲ್ಲ.

ನಲವತ್ತೊಂದು ವರ್ಷ ವಯಸ್ಸು. ಅದರಲ್ಲಿ ಎಂಟು ವರ್ಷ ಸೈನ್ಯದಲ್ಲಿ ಕಳೆದಿತ್ತು. ಎರಡು ಸಲ ಇರಾಕಿಗೆ ಹೋಗಿ ಅಲ್ಲಿ ಇಂಧನದ ಟ್ಯಾಂಕರ್ ಓಡಿಸಿದ್ದಳು. ಸಾಲಾಗಿ ಹೋಗುವ ಲಾರಿಗಳಲ್ಲಿ ಬೆಂಕಿಯ ಭಯಕ್ಕೆ ಟ್ಯಾಂಕರಿನ ಹತ್ತಿರ ಯಾರೂ ಬರುತ್ತಿರಲಿಲ್ಲ. ಮುಂದಿನವನು ನೂರು ಗಜ ಮುಂದೆ, ಹಿಂದಿನವನು ನೂರು ಗಜ ಹಿಂದೆ. ಆ ದೂರ ಅವಳಿಗೆ ರೂಢಿಯಾಗಿಬಿಟ್ಟಿತ್ತು. ಒಮ್ಮೆ ರಸ್ತೆಬದಿಯಲ್ಲಿ ಬಾಂಬು ಸಿಡಿದು ಎಡಗಿವಿಯ ಕೇಳುವ ಶಕ್ತಿ ಅರ್ಧ ಹೋಯಿತು. ಮಿಕ್ಕಂತೆ ಇಡಿಯಾಗಿಯೇ ವಾಪಸ್ಸು ಬಂದಳು. ಬಂದಮೇಲೆ ಟೈರಿನ ಗೋದಾಮೊಂದರಲ್ಲಿ ಹತ್ತು ವರ್ಷ ದುಡಿದಳು. ಗೋದಾಮಿನವರು ಬಾಗಿಲು ಹಾಕಿಕೊಂಡು ಬೇರೆ ರಾಜ್ಯಕ್ಕೆ ಹೋದರು. ನಾಲ್ಕು ತಿಂಗಳು ಬಾಡಿಗೆ ಹೇಗೋ ಕಟ್ಟಿದಳು, ಐದನೆಯ ತಿಂಗಳು ಆಗಲಿಲ್ಲ. ಕುಡಿತ, ಹುಚ್ಚು, ಜಗಳ, ಜನ ಕಲ್ಪಿಸಿಕೊಳ್ಳುವ ಯಾವ ಕಾರಣವೂ ಇರಲಿಲ್ಲ. ಮನೆ ಇತ್ತು, ಆಮೇಲೆ ಇರಲಿಲ್ಲ, ಅಷ್ಟೆ.

ಆ ಊರಿನಲ್ಲಿ ಪ್ರತಿ ಜನವರಿ ಬಯಲಲ್ಲಿ ಮಲಗುವವರನ್ನು ಎಣಿಸುತ್ತಾರೆ. ಅಂಥ ಒಂದು ಎಣಿಕೆಯ ಬೆಳಿಗ್ಗೆ ಅವಳ ಕಾರಿನ ಗಾಜನ್ನು ಯಾರೋ ಬೆರಳ ಗೆಣ್ಣಿನಿಂದ ತಟ್ಟಿದರು. ಹೊರಗೆ ಹಿಮದಲ್ಲಿ ದಪ್ಪನೆಯ ಮನುಷ್ಯನೊಬ್ಬ ಎರಡು ಲೋಟ ಕಾಫಿ ಹಿಡಿದು ನಿಂತಿದ್ದ. ಹೆಸರು ವೆಂಡೆಲ್ ಪಾಮರಾಯ್, ನೌಕಾಪಡೆಯಲ್ಲಿದ್ದು ಬಂದವನು. ಹೆದ್ದಾರಿಯ ಪಕ್ಕದ ಹಳೆಯ ಮೋಟೆಲೊಂದನ್ನು ಸೂರಿಲ್ಲದ ಮಾಜಿ ಸೈನಿಕರ ಮನೆ ಮಾಡಿ ನಡೆಸುತ್ತಿದ್ದ. ಇಪ್ಪತ್ತೆರಡು ಕೋಣೆ, ಸದ್ಯ ಒಂದು ಖಾಲಿ ಎಂದ. ಯಾವ ದಳ, ಎಷ್ಟು ವರ್ಷ ಎಂದು ಕೇಳಿದ. ಟ್ವೈಲಾ ಹೇಳಿದಳು. ಅವನು ಹಾಳೆಯಲ್ಲಿ ಬರೆದುಕೊಳ್ಳದೆ ತಲೆಯಾಡಿಸಿದ್ದು ಅವಳಿಗೆ ಹಿಡಿಸಿತು. ಅವನ ವ್ಯಾನಿನ ಹಿಂದೆ ತನ್ನ ಕಾರು ಓಡಿಸಿಕೊಂಡು ಹೋದಳು.

ಮೋಟೆಲಿನ ಕೌಂಟರಿನ ಮೇಲೆ ಸಹಿ ಮಾಡುವ ಪುಸ್ತಕ, ಅದರ ಹಿಂದೆ ಗೋಡೆಗೆ ಒಂದು ಚೌಕಟ್ಟು. ಈ ಮನೆ ಯೋಧರ ಟಿಕೆಟಿನ ಹಣದಿಂದ ನಡೆಯುತ್ತದೆ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಟ್ವೈಲಾ ಪೆನ್ನು ಹಿಡಿದವಳು ಹಾಗೇ ನಿಂತು, ಅದು ಯಾವ ಟಿಕೆಟು ಎಂದು ಕೇಳಿದಳು. ಪಾಮರಾಯ್ ಅಭಿಮಾನದಿಂದಲೇ ವಿವರಿಸಿದ. ಲಾಟರಿ ಇಲಾಖೆ ಹತ್ತು ತರಹದ ಟಿಕೆಟ್ ಮಾರುತ್ತದಲ್ಲ, ನಾಣ್ಯದಿಂದ ಉಜ್ಜಿ ನೋಡುವಂಥವು, ಅವುಗಳಲ್ಲಿ ಧ್ವಜದ ಚಿತ್ರವಿರುವ ಒಂದರ ಲಾಭ ಪೂರ್ತಿ ನಮಗೆ. ಈ ಚಾವಣಿ ಅದರಿಂದ ಬಂದದ್ದು, ಬಿಸಿನೀರಿನ ಬಾಯ್ಲರು ಅದರಿಂದ, ವಾರಕ್ಕೆ ಎರಡು ದಿನ ಬರುವ ನರ್ಸಿನ ಸಂಬಳ ಅದರಿಂದ.

ಟ್ವೈಲಾ ಪೆನ್ನನ್ನು ಪುಸ್ತಕದ ಮೇಲಿಟ್ಟು, ಕಾಫಿಗೆ ಥ್ಯಾಂಕ್ಸ್ ಎಂದು ಹೇಳಿ ಹೊರಗೆ ಹೋದಳು. ಪಾಮರಾಯ್ ಬಾಗಿಲ ತನಕ ಬಂದ. ಅವಳು ಕಾರು ತಿರುಗಿಸಿಕೊಂಡು ಸೋಫಾ ಅಂಗಡಿಯ ಹಿಂದಕ್ಕೇ ಹೋಗಿ ನಿಲ್ಲಿಸಿದಳು.

ಅದಕ್ಕೆ ಕಾರಣ ಹನ್ನೆರಡು ವರ್ಷ ಹಳೆಯದು. ಕೆಸ್ಲರ್ ಬೀದಿಯಲ್ಲಿ ಅವರದೊಂದು ನೀಲಿ ಬಣ್ಣದ ಮನೆಯಿತ್ತು. ಅಪ್ಪ ನದಿಯ ಸರಕುದೋಣಿಗಳಲ್ಲಿ ಕೆಲಸ ಮಾಡಿ ಕೊಂಡದ್ದು, ಅರ್ಧ ಸಾಲ ಉಳಿಸಿ ತೀರಿಕೊಂಡಿದ್ದ. ತಾಯಿ ಆರ್ಲೀನ್ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುವವಳು. ಸಾಲದ ಕಂತಿಗೆಂದು ಟ್ವೈಲಾ ಇರಾಕಿನಿಂದ ತಿಂಗಳು ತಪ್ಪದೆ ಹಣ ಕಳಿಸುತ್ತಿದ್ದಳು. ಎರಡನೆಯ ಸಲ ಹೋಗಿ ವಾಪಸ್ಸು ಬಂದಾಗ ಮನೆಗೆ ಬೇರೆ ಬೀಗ ಬಿದ್ದಿತ್ತು. ಆರ್ಲೀನ್ ತನ್ನ ಗೆಳತಿಯ ಮನೆಯ ಸೋಫಾದ ಮೇಲೆ ಮಲಗುತ್ತಿದ್ದಳು. ಬ್ಯಾಂಕಿನವರು ತಗೊಂಡರು ಎಂದು ತಾಯಿ ಹೇಳಿದಳು. ಉಳಿದ ಸಾಮಾನು ತೆಗೆಯಲು ಆ ಮನೆಯ ಬೀಗವಿಲ್ಲದ ಗ್ಯಾರೇಜಿಗೆ ಹೋದ ಮಗಳಿಗೆ ಅಲ್ಲಿ ಉದುರಿದ ಎಲೆ ತುಂಬುವ ಕಪ್ಪು ಚೀಲಗಳು ಆರೋ ಏಳೋ ಕಂಡವು. ಒಂದನ್ನು ಬಿಚ್ಚಿದಳು. ಒಳಗೆ ಉಜ್ಜಿ ಬಿಸಾಕಿದ ಟಿಕೆಟುಗಳು. ಇನ್ನೊಂದನ್ನೂ ಬಿಚ್ಚಿದಳು, ಅದರಲ್ಲೂ ಅವೇ. ಮೂರನೆಯದನ್ನು ಬಿಚ್ಚಲಿಲ್ಲ. ಅಂದಿನಿಂದ ಯಾರು ಕೇಳಿದರೂ ಅವಳೂ ಬ್ಯಾಂಕಿನವರು ತಗೊಂಡರು ಎಂದೇ ಹೇಳಿಕೊಂಡು ಬಂದಳು. ತಾಯಿ ಮಗಳು ಆ ವಿಷಯ ಎತ್ತಲೇ ಇಲ್ಲ.

ಕಾರಿಗೆ ಹಿಂದಿರುಗಿದ ಒಂಬತ್ತನೆಯ ದಿನ ಚಳಿ ಸೊನ್ನೆಗಿಂತ ಹದಿನೇಳು ಡಿಗ್ರಿ ಕೆಳಗಿಳಿಯಿತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಂಜಿನ್ನು ಕೆಮ್ಮಲೂ ಇಲ್ಲ. ಎಡಗಾಲಿನ ಮೂರು ಬೆರಳು ಮೇಣದ ಬಣ್ಣಕ್ಕೆ ತಿರುಗಿದ್ದವು, ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಅವಳು ಎರಡು ಚೀಲ ಹೆಗಲಿಗೆ ಹಾಕಿಕೊಂಡು ಮೂರು ಮೈಲಿ ನಡೆದು ಮೋಟೆಲು ಸೇರಿದಳು. ಪುಸ್ತಕಕ್ಕೆ ಸಹಿ ಹಾಕುವಾಗ ಎದುರಿನ ಗೋಡೆ ನೋಡಲಿಲ್ಲ. ಯಾಕೆ ಹೋದಿರಿ, ಯಾಕೆ ಬಂದಿರಿ ಎಂದು ಪಾಮರಾಯ್ ಕೇಳಲಿಲ್ಲ. ಹದಿನಾಲ್ಕನೇ ಕೋಣೆಯ ಬೀಗದ ಕೈ ಕೊಟ್ಟು, ಕಾಲನ್ನು ಬಿಸಿನೀರಿಗೆ ಒಂದೇ ಸಲ ಇಳಿಸಬೇಡಿ, ಮೊದಲು ಉಗುರುಬೆಚ್ಚಗಿರಲಿ ಎಂದ.

ಪಕ್ಕದ ಕೋಣೆಯಲ್ಲಿ ಎಮ್ಮಿಟ್ ಸೇಲ್ಸ್ ಎಂಬ ಮುದುಕನಿದ್ದ. ವಿಯೆಟ್ನಾಮಿಗೆ ಹೋಗಿ ಬಂದವನು, ಎಪ್ಪತ್ತೆರಡರ ಪ್ರಾಯ. ಮೋಟೆಲಿನ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಎಲ್ಲರ ತಲೆಗೂದಲು ಕತ್ತರಿಸುತ್ತಿದ್ದ. ಟ್ವೈಲಾಳ ಕೂದಲನ್ನೂ ಅವನೇ ಕತ್ತರಿಸಿದ, ಕೇಳಿದ್ದಕ್ಕಿಂತ ಒಂದಂಗುಲ ಗಿಡ್ಡವಾಯಿತು. ಅವನು ಪ್ರತಿ ಶುಕ್ರವಾರ ಪೆಟ್ರೋಲ್ ಬಂಕಿನ ಅಂಗಡಿಗೆ ನಡೆದು ಹೋಗಿ ಒಂದು ಯೋಧರ ಟಿಕೆಟ್ ತರುತ್ತಿದ್ದ. ಇದೇನೆಂದು ಅವಳು ಕೇಳಿದ್ದಕ್ಕೆ, "ನನ್ನ ಬಾಡಿಗೆ ನಾನೇ ಕಟ್ಕೊಳ್ತಿದೀನಿ ಕಣಮ್ಮ," ಎಂದ. "ನೀನು ಮಾತ್ರ ಬಿಟ್ಟಿ ಇರೋದು ಇಲ್ಲಿ."

ಅವಳು ನಗಲಿಲ್ಲ. ಅವನೂ ನಗಿಸಲೇಬೇಕೆಂದು ಹೇಳಿದವನಲ್ಲ. ಟಿಕೆಟನ್ನು ಉಜ್ಜಿ, ನೋಡಿ, ಜೇಬಿಗಿಟ್ಟುಕೊಂಡು ಮುಂದಿನ ತಲೆಗೆ ಕತ್ತರಿ ಹಾಕಿದ.

ಭಾನುವಾರಗಳಲ್ಲಿ ಟ್ವೈಲಾ ಬಸ್ಸು ಹಿಡಿದು ಸೇತುವೆ ದಾಟಿ ತಾಯಿಯ ಹತ್ತಿರ ಹೋಗುತ್ತಿದ್ದಳು. ಆರ್ಲೀನಳಿಗೆ ಈಗ ಅರವತ್ತೆಂಟು. ವಯಸ್ಸಾದವರಿಗೆಂದು ಸರ್ಕಾರ ಕಟ್ಟಿಸಿದ ಕಟ್ಟಡದಲ್ಲಿ ಒಂದು ಕೋಣೆ, ಒಂದು ಅಡುಗೆಮೂಲೆ. ಅತಿಥಿಗಳು ವರ್ಷಕ್ಕೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ತಂಗಬಾರದೆಂದು ಅಲ್ಲಿಯ ನಿಯಮ. ಆ ಹದಿನಾಲ್ಕು ದಿನಗಳನ್ನು ಟ್ವೈಲಾ ಕಾರಿನ ಕಾಲದಲ್ಲಿ ಜ್ವರ ಬಂದಾಗಲಷ್ಟೇ ಬಳಸಿಕೊಂಡಿದ್ದಳು. ಮಗಳಿಗೆ ಮೋಟೆಲಿನಲ್ಲಿ ಕೋಣೆ ಸಿಕ್ಕಿತೆಂದು ತಿಳಿದ ದಿನ ಆರ್ಲೀನ್ ಕೇಕು ಮಾಡಿದಳು. ತಾನು ಈಗ ಯೋಧರ ಟಿಕೆಟು ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ, ಅದಾದರೆ ನಿನಗೇ ಬರುತ್ತದಲ್ಲ ಎಂದಳು. ಹೇಳುವಾಗ ಮುಖದಲ್ಲಿ ಸಂತೋಷವಿತ್ತು. ಅವಳ ಸ್ವೆಟರಿನ ಮುಂಭಾಗಕ್ಕೆ, ಟಿಕೆಟಿನಿಂದ ಉದುರುವ ಬೂದುಬಣ್ಣದ ಪುಡಿ ಅಂಟಿಕೊಂಡಿತ್ತು. ಟ್ವೈಲಾ ಕೇಕಿನ ಎರಡು ಚೂರು ತಿಂದು, ಸಂಜೆಯ ಬಸ್ಸಿಗೆ ಹೊರಟಳು.

ಮಾರ್ಚಿನಲ್ಲಿ ಪಾಮರಾಯ್ ಅವಳನ್ನು ತನ್ನ ಕೋಣೆಗೆ ಕರೆದು ಕೂರಿಸಿದ. ಯೋಧರ ಟಿಕೆಟಿನ ಕಾನೂನಿಗೆ ಅವಧಿಯಿದೆ, ಅದು ಬರುವ ಜೂನಿಗೆ ಮುಗಿಯುತ್ತದೆ, ಶಾಸಕರು ಮುಂದುವರಿಸಬೇಕು ಎಂದು ಹೇಳಿದ. ಸಮಿತಿಯೊಂದು ರಾಜಧಾನಿಯಲ್ಲಿ ಕೂತು ಅಭಿಪ್ರಾಯ ಕೇಳುತ್ತದೆ. ಈ ಮನೆಯಿಂದ ಒಬ್ಬರು ಹೋಗಿ ಮೂರು ನಿಮಿಷ ಮಾತನಾಡಬೇಕು. ಟ್ವೈಲಾ ಹೋದರೆ ಒಳ್ಳೆಯದು. ನೆಟ್ಟಗೆ ಮಾತನಾಡುತ್ತಾಳೆ, ಸೇವೆಯ ದಾಖಲೆ ಚೊಕ್ಕವಾಗಿದೆ, ಮೇಲಾಗಿ ಹೆಂಗಸು. ಕೊನೆಯದನ್ನು ಅವನು ಸ್ವಲ್ಪ ಮುಜುಗರದಿಂದಲೇ ಹೇಳಿದ.

ಆಗುವುದಿಲ್ಲ ಎಂದಳು ಟ್ವೈಲಾ.

ಪಾಮರಾಯ್ ಒತ್ತಾಯ ಮಾಡುವವನಲ್ಲ. ಲೆಕ್ಕ ಹೇಳುವವನು. ಟಿಕೆಟು ನಿಂತರೆ ಹನ್ನೆರಡು ಕೋಣೆ ಮುಚ್ಚಬೇಕಾಗುತ್ತದೆ ಎಂದ. ಯಾವ ಹನ್ನೆರಡು ಎಂದು ಅವಳು ಕೇಳಿದಳು. ಕೊನೆಗೆ ಬಂದವರು ಮೊದಲು ಹೋಗಬೇಕಾಗುತ್ತದೆ, ಎಮ್ಮಿಟ್ ಕೂಡ ಕಳೆದ ವರ್ಷವಷ್ಟೇ ಬಂದವನು ಎಂದ. ಅವಳು ಎದ್ದು ಹೋಗಿ ಅಡುಗೆಮನೆಯಲ್ಲಿ ಇಡೀ ಮಧ್ಯಾಹ್ನ ಪಾತ್ರೆ ಉಜ್ಜಿದಳು, ಅವತ್ತು ಅವಳ ಸರದಿಯಲ್ಲದಿದ್ದರೂ. ಸಂಜೆ ಬಂದು, ಹೋಗುತ್ತೇನೆ, ಆದರೆ ಮೊದಲು ಒಬ್ಬರನ್ನು ಕೇಳಬೇಕು ಎಂದಳು. ಪಾಮರಾಯ್ ಆ ಒಬ್ಬರು ವಕೀಲರಿರಬೇಕು ಎಂದುಕೊಂಡ.

ಆ ಭಾನುವಾರ ಆರ್ಲೀನ್ ಆಲೂಗಡ್ಡೆ ಬೇಯಿಸುತ್ತಿದ್ದಳು. ಟ್ವೈಲಾ ಕೋಟು ಬಿಚ್ಚದೆ ಮೇಜಿನ ಮುಂದೆ ಕೂತು, ರಾಜಧಾನಿಯ ಸಮಿತಿಯ ವಿಷಯ ಹೇಳಿದಳು. ಆರ್ಲೀನಳಿಗೆ ಖುಷಿಯಾಯಿತು. ಯಾವ ಬಟ್ಟೆ ಹಾಕಿಕೊಳ್ಳುತ್ತೀ ಎಂದು ಕೇಳಿದಳು.

"ಅವರ ಮುಂದೆ ಮನೆ ವಿಷಯ ಹೇಳ್ಬೇಕಾಗತ್ತೆ, ಅಮ್ಮ," ಎಂದಳು ಟ್ವೈಲಾ.

"ಯಾವ ಮನೆ?"

"ನಮ್ಮದು. ಕೆಸ್ಲರ್ ಬೀದೀದು."

"ಬ್ಯಾಂಕಿನವರು ತಗೊಂಡ್ರು. ಅದರಲ್ಲಿ ಹೇಳೋದೇನಿದೆ."

"ಬ್ಯಾಂಕಿನವರು ಯಾಕೆ ತಗೊಂಡ್ರು ಅಂತ."

ಆರ್ಲೀನ್ ಒಲೆಯ ಕಡೆ ತಿರುಗಿ ಉರಿ ಆರಿಸಿದಳು. ಆಲೂಗಡ್ಡೆ ಇನ್ನೂ ಬೆಂದಿರಲಿಲ್ಲ. ಬಂದು ಎದುರಿನ ಕುರ್ಚಿಯಲ್ಲಿ ಕೂತು, ಕೈಯೊರಸುವ ಬಟ್ಟೆಯನ್ನು ಮೇಜಿನ ಮೇಲೆ ನಾಲ್ಕು ಮಡಿಕೆ ಮಾಡಿಟ್ಟಳು.

"ನಿಂಗೆ ಯಾವಾಗಿಂದ ಗೊತ್ತು?"

"ಬಂದ ವಾರದಿಂದ. ಗ್ಯಾರೇಜಲ್ಲಿ ಚೀಲ ಇದ್ವು."

"ಹನ್ನೆರಡು ವರ್ಷ ಸುಮ್ನಿದ್ಯಲ್ಲ."

"ನೀನೂ ಸುಮ್ನಿದ್ದೆ."

ಪಕ್ಕದ ಮನೆಯ ಟೀವಿಯಲ್ಲಿ ಯಾವುದೋ ಆಟದ ಕೂಗು ಕೇಳುತ್ತಿತ್ತು. ಆರ್ಲೀನ್ ಬಟ್ಟೆಯ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ, ಮಗಳ ಮುಖ ನೋಡದೆ, ಒಂದೇ ದನಿಯಲ್ಲಿ ಹೇಳಿದಳು.

"ನೀನು ಅಲ್ಲಿದ್ದಾಗ ಟೀವಿ ಹಾಕಿದ್ರೆ ಸಾಕು, ಉರೀತಿರೋ ಟ್ಯಾಂಕರ್‌ನೇ ತೋರಿಸೋರು. ಒಳಗಿದ್ದೋರು ಯಾರು ಅಂತ ಹೇಳ್ತಿರ್ಲಿಲ್ಲ. ಮನೇಲಿ ಕೂರೋಕಾಗದೆ ಬಂಕಿನ ಅಂಗಡಿಗೆ ಹೋಗೋಳು. ಅಲ್ಲೇ ನಿಂತ್ಕೊಂಡು ಉಜ್ತಾ ಇದ್ರೆ, ಅಷ್ಟು ಹೊತ್ತು ತಲೇಲಿ ಬೇರೇನೂ ಇರ್ತಿರ್ಲಿಲ್ಲ. ಗೆಲ್ಲೋಕಲ್ಲ ಕಣೆ." ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಗೆದ್ದಿದ್ರೆ ಬೇಡ ಅಂತಿರ್ಲಿಲ್ಲ ಬಿಡು," ಎಂದಳು.

ಟ್ವೈಲಾ ಕೋಟಿನ ಗುಂಡಿ ಬಿಚ್ಚಿದಳು. ತಾನು ಕಳಿಸಿದ ಹಣದ ಬಗ್ಗೆ ಹನ್ನೆರಡು ವರ್ಷದಲ್ಲಿ ಸಾಲು ಸಾಲು ಮಾತು ಕೂಡಿಟ್ಟುಕೊಂಡಿದ್ದಳು. ಅದರಲ್ಲಿ ಒಂದೂ ಈಗ ಬಾಯಿಗೆ ಬರಲಿಲ್ಲ. ಸಿಟ್ಟು ಹೋಗಿರಲಿಲ್ಲ, ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತ್ತು, ಅಷ್ಟೆ. ಬೇಡವೆಂದರೆ ಹೇಳುವುದಿಲ್ಲ ಎಂದಳು. ಆಗ ತಾನು ಹೋಗುವುದೂ ಇಲ್ಲ, ಅರ್ಧ ಹೇಳಿ ಬರಲು ತನ್ನಿಂದಾಗದು.

ಆರ್ಲೀನ್ ಎದ್ದು ಒಲೆ ಮತ್ತೆ ಹಚ್ಚಿದಳು. ಬೆನ್ನು ಹಾಕಿಕೊಂಡೇ, "ಹೇಳು," ಎಂದಳು. "ಆದ್ರೆ ಯಾರೋ ಒಬ್ಬ ಹೆಂಗಸು ಅಂತ ಹೇಳ್ಬೇಡ. ನನ್ನ ಹೆಸರು ಹಿಡಿದು ಹೇಳು. ನಾನೂ ಬರ್ತೀನಿ."

ಏಪ್ರಿಲಿನ ಎರಡನೆಯ ಮಂಗಳವಾರ ಪಾಮರಾಯ್ ಇಬ್ಬರನ್ನೂ ಮನೆಯ ವ್ಯಾನಿನಲ್ಲಿ ಕೂರಿಸಿಕೊಂಡು ಹೊರಟ. ತಾಯಿಯೂ ಬರುತ್ತಿರುವುದು ಅವನಿಗೆ ಒಳ್ಳೆಯದಾಗಿಯೇ ಕಂಡಿತು. ಮಗಳ ಪಕ್ಕ ಬಿಳಿಗೂದಲಿನ ತಾಯಿ ನಿಂತರೆ ಶಾಸಕರ ಮನಸ್ಸು ಕರಗುತ್ತದೆ. ಟ್ವೈಲಾ ಓದಬೇಕಾದದ್ದನ್ನು ಅವನೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದ. ಎರಡು ಗಂಟೆಯ ದಾರಿ, ಎರಡೂ ಕಡೆ ಆಗಷ್ಟೇ ಉತ್ತ ಕಪ್ಪು ಹೊಲ. ಆರ್ಲೀನ್ ತಾನು ನಿವೃತ್ತಿಯ ದಿನ ಹಾಕಿಕೊಂಡಿದ್ದ ಹಸಿರು ಉಡುಪು ಹಾಕಿದ್ದಳು, ದಾರಿಯುದ್ದಕ್ಕೂ ಮಡಿಲ ಮೇಲೆ ಕೈಯಿಟ್ಟುಕೊಂಡಿದ್ದಳು.

ಸಮಿತಿಯ ಕೊಠಡಿ ಟ್ವೈಲಾ ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಮುಂದೆ ಎತ್ತರದ ಮೇಜು, ಅದರ ಹಿಂದೆ ಹನ್ನೊಂದು ಜನ, ಅವರಲ್ಲಿ ನಾಲ್ವರು ಫೋನು ನೋಡುತ್ತಿದ್ದರು. ಅಧ್ಯಕ್ಷೆ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಹೆಸರು ಕರೆಯುತ್ತಿದ್ದಳು. ಮೊದಲು ಅಂಗಡಿಗಳವರ ಸಂಘದವನು ಬಂದು, ಯೋಧರ ಟಿಕೆಟಿಗೆ ಎಷ್ಟು ಬೇಡಿಕೆಯಿದೆ, ದೇಶಪ್ರೇಮವೂ ಆಯಿತು ಅದೃಷ್ಟಪರೀಕ್ಷೆಯೂ ಆಯಿತು ಎಂದು ಹೇಳಿಹೋದ. ಆಮೇಲೆ ಟ್ವೈಲಾಳ ಹೆಸರು ಬಂತು.

ಅವಳು ಮೈಕಿನ ಮುಂದೆ ಕೂತು ಪಾಮರಾಯ್ ಬರೆದುಕೊಟ್ಟದ್ದನ್ನು ಓದಿದಳು. ಎಂಟು ವರ್ಷ ಸೈನ್ಯದಲ್ಲಿದ್ದದ್ದು, ಹೋದ ಜನವರಿಯವರೆಗೆ ಕಾರಿನಲ್ಲಿ ಮಲಗಿದ್ದು, ಈಗ ತನಗೊಂದು ಕೋಣೆ, ಬೀಗ, ಬಿಸಿನೀರು ಇರುವುದು, ಎಲ್ಲವೂ ಆ ಟಿಕೆಟಿನಿಂದ ಬಂದದ್ದು. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಓದಿ ಮುಗಿಸಿ ಹಾಳೆಯನ್ನು ಬೋರಲು ಹಾಕಿದಳು. ಹಿಂದಿನ ಸಾಲಿನಲ್ಲಿದ್ದ ಪಾಮರಾಯ್ ಮುಂದಕ್ಕೆ ಬಾಗಿದ.

"ಅದಷ್ಟೂ ನಿಜ. ಇನ್ನೊಂದು ನಿಜ ಇದೆ," ಎಂದಳು. "ನಾನು ಇರಾಕಲ್ಲಿದ್ದಾಗ ಮನೆ ಸಾಲಕ್ಕೆ ಅಂತ ಕಳಿಸಿದ ದುಡ್ಡು ಲಾಟರಿ ಟಿಕೆಟ್ಟಿಗೆ ಹೋಯ್ತು. ಕೊಂಡಿದ್ದು ನಮ್ಮಮ್ಮ, ಆರ್ಲೀನ್ ಬ್ಯಾಬ್‌ಕಾಕ್. ಹಿಂದೆ ಕೂತಿದಾರೆ, ಹಸಿರು ಬಟ್ಟೇಲಿ. ಮನೆ ಹೋಯ್ತು. ಇವತ್ತು ನನ್ನ ಕೋಣೆಗೆ ದುಡ್ಡು ಕೊಡ್ತಿರೋರು ಯಾರು ಅಂತ ನಂಗೆ ಗೊತ್ತು, ದಿನಾ ಬೆಳಗ್ಗೆ ಬಂಕಿನ ಅಂಗಡಿ ಸಾಲಲ್ಲಿ ನೋಡ್ತೀನಿ. ಅವರಲ್ಲಿ ಅರ್ಧ ಜನದ ಬೂಟು ಅಟ್ಟೆ ಕಿತ್ತಿರತ್ತೆ. ನಮ್ಮನ್ನ ಯುದ್ಧಕ್ಕೆ ಕಳಿಸಿದ್ದು ಇಡೀ ದೇಶ. ವಾಪಸ್ ಬಂದ್ಮೇಲೆ ಸೂರು ಕೊಡೋದು ಮಾತ್ರ ಆ ಸಾಲಲ್ಲಿ ನಿಂತಿರೋರೇ ಯಾಕೆ? ತೆರಿಗೆ ದುಡ್ಡಲ್ಲಿ ಕೊಡಿ. ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ರೆ ಯಾರ ಮನೇನೂ ಹೋಗಲ್ಲ."

ಫೋನು ನೋಡುತ್ತಿದ್ದ ನಾಲ್ವರಲ್ಲಿ ಮೂವರು ತಲೆಯೆತ್ತಿದರು. ಎಡತುದಿಯಲ್ಲಿದ್ದ ಶಾಸಕನೊಬ್ಬ ಗಂಟಲು ಸರಿಮಾಡಿಕೊಂಡು, ಹಾಗಾದರೆ ತಾವು ಈ ಮಸೂದೆಯ ಪರವೋ ವಿರುದ್ಧವೋ ಎಂದು ಕೇಳಿದ. ತಾನು ಆ ಮನೆಯ ಪರ ಎಂದಳು ಟ್ವೈಲಾ. ಅಲ್ಲಲ್ಲಿ ನಗು ಎದ್ದಿತು, ಆದರೆ ಅವಳು ತಮಾಷೆಗೆ ಹೇಳಿರಲಿಲ್ಲ. ಬೇರೆ ದಾರಿ ಸಿಗುವ ತನಕ ಟಿಕೆಟು ನಿಲ್ಲಿಸಬೇಡಿ, ಅಲ್ಲಿ ಇಪ್ಪತ್ತೆರಡು ಜನ ಇದ್ದಾರೆ, ಆದರೆ ಬೇರೆ ದಾರಿ ಹುಡುಕಿ ಎಂದು ವಿವರಿಸಿದಳು. ಆ ಶಾಸಕ ಸೌಜನ್ಯದಿಂದಲೇ, ನಿಮ್ಮ ಸೇವೆಗೆ ನಾವು ಋಣಿ, ನಿಮ್ಮ ತಾಯಿಯ ವಿಷಯ ಕೇಳಿ ಬೇಸರವಾಯಿತು, ಆದರೆ ಕೊಳ್ಳುವುದು ಬಿಡುವುದು ಅವರವರ ಜವಾಬ್ದಾರಿಯಲ್ಲವೇ ಎಂದ.

ಹಿಂದಿನ ಸಾಲಿನಲ್ಲಿ ಆರ್ಲೀನ್ ಎದ್ದು ನಿಂತಳು. ಸಭಿಕರು ಮಾತನಾಡುವಂತಿಲ್ಲ ಎಂದು ಅಧ್ಯಕ್ಷೆ ಹೇಳುವಷ್ಟರಲ್ಲಿ ಅವಳ ಮಾತು ಮುಗಿದಿತ್ತು. ಶಾಲೆಯ ಊಟದ ಕೋಣೆಯಲ್ಲಿ ಮುನ್ನೂರು ಮಕ್ಕಳಿಗೆ ಕೇಳಿಸುವಂತೆ ಮಾತನಾಡಿ ಅಭ್ಯಾಸವಿದ್ದ ದನಿ ಅದು.

"ಕೊಂಡಿದ್ದು ನಾನೇ, ತಪ್ಪು ನಂದೇ," ಎಂದಳು. "ಮಾರಿದ್ದು ಯಾರು ಅಂತಾನೂ ಒಂದು ಸಲ ಬರ್ಕೊಳ್ಳಿ."

ಅಧ್ಯಕ್ಷೆ ಕೂರಲು ಹೇಳಿದಳು. ಆರ್ಲೀನ್ ಉಡುಪಿನ ಅಂಚು ಸರಿಪಡಿಸಿಕೊಂಡು ಕೂತಳು. ಮುಂದಿನ ಹೆಸರು ಕರೆದರು.

ವಾಪಸ್ಸು ಬರುವಾಗ ಪಾಮರಾಯ್ ಅರವತ್ತು ಮೈಲಿ ರಸ್ತೆಯನ್ನೇ ನೋಡುತ್ತಾ ವ್ಯಾನು ಓಡಿಸಿದ. ಹಿಂದಿನ ಸೀಟಿನಲ್ಲಿ ಆರ್ಲೀನ್ ನಿದ್ದೆಹೋಗಿದ್ದಳು. ದಾರಿಬದಿಯ ಒಂದು ಹೋಟೆಲಿನ ಮುಂದೆ ಅವನು ಗಾಡಿ ನಿಲ್ಲಿಸಿದ. ಮೂವರಿಗೂ ಸೇಬಿನ ಪೈ ಹೇಳಿದ. ಅದು ಬಂದಮೇಲೆ ಚಮಚ ಕೈಯಲ್ಲಿ ಹಿಡಿದುಕೊಂಡು, "ನೀವು ಹೇಳಿದ್ದು ತಪ್ಪು ಅನ್ನಲ್ಲ. ಮೊದಲೇ ನಂಗೊಂದು ಮಾತು ಹೇಳಬಹುದಿತ್ತು," ಎಂದ.

"ಹೇಳಿದ್ರೆ ಎಮ್ಮಿಟ್‌ನ ಕಳಿಸ್ತಿದ್ರಿ."

"ಕಳಿಸ್ತಿದ್ದೆ," ಎಂದ ಪಾಮರಾಯ್. ಆಮೇಲೆ ಪೈ ತಿಂದ. ಅವನ ಸಿಟ್ಟು ಇನ್ನೂ ಒಂದು ವಾರ ಇತ್ತು, ಬೀಗದ ಕೈ ಕೊಡುವಾಗ, ಹಾಲು ತರಲು ಹೇಳುವಾಗ ತಿಳಿಯುತ್ತಿತ್ತು. ಎಂಟನೆಯ ದಿನ ಅವನು ಕೆಟ್ಟಿದ್ದ ಹೀಟರಿಗೆ ಹೊಸ ತಂತಿ ಹಾಕಲು ಅವಳ ಕೋಣೆಗೆ ಬಂದು ಒಂದು ಗಂಟೆ ಹರಟೆ ಹೊಡೆದು ಹೋದ.

ಮೇ ತಿಂಗಳಲ್ಲಿ ಮಸೂದೆ ಪಾಸಾಯಿತು. ಯೋಧರ ಟಿಕೆಟು ಇನ್ನೂ ಐದು ವರ್ಷ ಮುಂದುವರಿಯುತ್ತದೆ. ಸಮಿತಿಯಲ್ಲಿ ಇಬ್ಬರು ಮಾತ್ರ ವಿರುದ್ಧವಾಗಿ ಕೈಯೆತ್ತಿದರು. ತೆರಿಗೆಯ ಹಣದಿಂದ ಕೊಡುವ ಸಲಹೆಯನ್ನು ಪರಿಶೀಲಿಸಬಹುದು ಎಂದು ವರದಿಯ ಕೊನೆಯ ಪುಟದಲ್ಲಿ ಒಂದು ವಾಕ್ಯವಿತ್ತು. ಪಾಮರಾಯ್ ಅದನ್ನು ಪೆನ್ಸಿಲಿನಿಂದ ಗುರುತು ಮಾಡಿ ಟ್ವೈಲಾಳಿಗೆ ತೋರಿಸಿದ. ಹನ್ನೆರಡು ಕೋಣೆಗಳಲ್ಲಿ ಒಂದೂ ಮುಚ್ಚಲಿಲ್ಲ. ಎಮ್ಮಿಟ್ ಶುಕ್ರವಾರದ ಟಿಕೆಟು ಬಿಡಲಿಲ್ಲ. ಟ್ವೈಲಾ ಹೇಳಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಎರಡು ಸಲ ನೋಡಿದೆ, ಒಂದೊಂದು ಮಾತೂ ಒಪ್ಪಿದೆ, ಆದರೆ ಅಂಗಡಿಯ ತನಕ ನಡೆಯುವುದು ಕಾಲಿಗೆ ಒಳ್ಳೆಯದು ಎಂದ.

ಆರ್ಲೀನ್ ಸಮಿತಿಯಿಂದ ಬಂದಮೇಲೆ ಮೂರು ವಾರ ಒಂದು ಟಿಕೆಟನ್ನೂ ಕೊಳ್ಳಲಿಲ್ಲ. ನಾಲ್ಕನೆಯ ವಾರ ಒಂದೇ ದಿನ ಹನ್ನೊಂದು ಕೊಂಡಳು. ಅದನ್ನು ತಾನೇ ಮಗಳಿಗೆ ಫೋನು ಮಾಡಿ ಹೇಳಿದಳು. ಹೊಸ ಸಂಗತಿಯೆಂದರೆ ಅದೊಂದೇ. ಚರ್ಚಿನ ನೆಲಮಾಳಿಗೆಯಲ್ಲಿ ಗುರುವಾರ ಗುರುವಾರ ಜೂಜು ಬಿಡಲಾಗದವರು ಕೂತು ಮಾತನಾಡುತ್ತಾರೆಂದು ಟ್ವೈಲಾ ವಿಚಾರಿಸಿ ತಿಳಿದುಕೊಂಡಳು. ಆರ್ಲೀನ್ ಮೊದಲ ಗುರುವಾರ ಹೋಗಿ, ಅಲ್ಲಿಯ ಕಾಫಿ ಕೆಟ್ಟದಾಗಿದೆ ಎಂದು ದೂರಿದಳು. ಎರಡನೆಯ ಗುರುವಾರ ತಾನೇ ಕಾಫಿ ಮಾಡಿಕೊಂಡು ಹೋದಳು. ಆಮೇಲೂ ಟಿಕೆಟು ಕೊಂಡು ತಪ್ಪಿದ್ದುಂಟು. ತಪ್ಪಿದಾಗಲೆಲ್ಲ ಫೋನು ಬರುತ್ತಿತ್ತು.

ಜೂನಿನಲ್ಲಿ ಟ್ವೈಲಾಳಿಗೆ ಜಿಲ್ಲೆಯ ಕೆಲಸ ಸಿಕ್ಕಿತು. ವಯಸ್ಸಾದವರನ್ನೂ ರೋಗಿಗಳನ್ನೂ ಆಸ್ಪತ್ರೆಗೆ ಕರೆದೊಯ್ದು ತರುವ ಸಣ್ಣ ಬಸ್ಸು ಓಡಿಸುವುದು. ಸಂದರ್ಶನದಲ್ಲಿ ದೊಡ್ಡ ಗಾಡಿ ಓಡಿಸಿದ ಅನುಭವ ಉಂಟೇ ಎಂದು ಕೇಳಿದರು. ಉಂಟು, ಆದರೆ ಅದರಲ್ಲಿ ಜನ ಇರುತ್ತಿರಲಿಲ್ಲ ಎಂದಳು. ಜನ ಹತ್ತಿ ಇಳಿಯುವ ಗಾಡಿ ಅವಳಿಗೆ ಮೊದಲ ವಾರ ಕಷ್ಟವಾಯಿತು. ಬೆನ್ನ ಹಿಂದೆಯೇ ಉಸಿರಾಡುತ್ತಾ, ಮಂಡಿನೋವಿನ ಕಥೆ ಹೇಳುತ್ತಾ, ಬ್ರೇಕು ಮೆಲ್ಲಗೆ ಹಾಕಮ್ಮ ಎನ್ನುತ್ತಾ ಕೂರುವವರು. ಕೆಟ್ಟ ಕಿವಿ ಇದ್ದದ್ದು ಎಡಗಡೆ, ಅವರು ಮಾತನಾಡುತ್ತಿದ್ದದ್ದು ಬಲಗಡೆಯಿಂದ. ಒಂದು ತಿಂಗಳಲ್ಲಿ ಅವಳಿಗೆ ಎಲ್ಲರ ಮಂಡಿಯ ವಿಷಯವೂ ಗೊತ್ತಾಯಿತು.

ಸೆಪ್ಟೆಂಬರಿನಲ್ಲಿ ಎರಡು ಕೋಣೆಯ ಒಂದು ಬಾಡಿಗೆ ಮನೆ ನೋಡಿದಳು. ಹೂವಿನ ಅಂಗಡಿಯ ಮೇಲಿನ ಮಹಡಿ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಮೋಟೆಲಿನಿಂದ ಹೊರಡುವ ದಿನ ಎಮ್ಮಿಟ್ ಕೂದಲು ಕತ್ತರಿಸಿಕೊಟ್ಟ. ಕೂಲಿ ತೆಗೆದುಕೊಳ್ಳುವುದಿಲ್ಲ, ಈ ಸಲ ಉದ್ದ ಸರಿಯಾಗಿ ಬಂದಿದೆ, ಅದೇ ಆಶ್ಚರ್ಯ ಎಂದ. ಹದಿನಾಲ್ಕನೇ ಕೋಣೆಗೆ ಅದೇ ಮಧ್ಯಾಹ್ನ ಅಫ್ಘಾನಿಸ್ತಾನಕ್ಕೆ ಹೋಗಿಬಂದ ಒಬ್ಬಾತ ಬಂದ. ಅವರಿಬ್ಬರು ಬಾಗಿಲಲ್ಲಿ ಎದುರಾದಾಗ ಟ್ವೈಲಾ ಬಿಸಿನೀರಿನ ನಲ್ಲಿಯನ್ನು ಎಡಕ್ಕೆ ಪೂರ್ತಿ ತಿರುಗಿಸಬೇಕು ಎಂದಷ್ಟೇ ಹೇಳಿದಳು.

ಮುಂದಿನ ಭಾನುವಾರ ಆರ್ಲೀನ್ ಮನೆ ನೋಡಲು ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಅಡುಗೆಮನೆ ನೋಡಿದಳು, ಬಚ್ಚಲು ನೋಡಿದಳು, ಟ್ವೈಲಾಳ ಮಂಚವಿದ್ದ ಕೋಣೆ ನೋಡಿದಳು. ಎರಡನೆಯ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಏನೂ ಇರಲಿಲ್ಲ.

"ಇದು ಯಾರಿಗೆ?" ಎಂದು ಕೇಳಿದಳು.

"ಯಾರಿಗೂ ಅಲ್ಲ, ಅಮ್ಮ."

"ನಾನು ಬಂದು ಇರಬಹುದಲ್ಲ. ಒಂದು ಮಂಚ ಹಿಡಿಯತ್ತೆ."

ಟ್ವೈಲಾ ಈ ಮಾತು ಬರುತ್ತದೆಂದು ತಿಳಿದೇ ಇದ್ದಳು. ಹೇಳಬೇಕಾದದ್ದನ್ನು ಬಸ್ಸು ಓಡಿಸುವಾಗ ವಾರವಿಡೀ ಹೇಳಿಕೊಂಡಿದ್ದಳು. ಆದರೂ ಹೇಳುವ ಹೊತ್ತಿಗೆ ನಿಧಾನವಾಯಿತು.

"ಬೇಡಮ್ಮ. ಭಾನುವಾರ ಬಾ, ಬುಧವಾರ ಬಾ, ಊಟ ಮಾಡು. ಇರೋದು ಬೇಡ. ನಂಗೆ ಇನ್ನೂ ಆಗಲ್ಲ."

ಆರ್ಲೀನ್ ಖಾಲಿ ಕೋಣೆಯೊಳಗೆ ಹೋಗಿ ಕಿಟಕಿಯ ಹತ್ತಿರ ನಿಂತಳು. ಹಿಂದಿನ ಬಾಡಿಗೆದಾರರು ಗಾಜನ್ನು ತೊಳೆದು ವರ್ಷಗಳೇ ಆಗಿದ್ದಿರಬೇಕು, ಕೆಳಗಿನ ಬೀದಿ ಮಸುಕಾಗಿ ಕಾಣುತ್ತಿತ್ತು. ಅವಳು ಬೆರಳಿನಿಂದ ಗಾಜನ್ನು ಒರೆಸಿ ಬೆರಳು ನೋಡಿಕೊಂಡಳು. ಗಾಜು ಉಜ್ಜಲು ವಿನಿಗರ್ ಇದೆಯೇ, ಹಳೆಯ ಪೇಪರ್ ಇದೆಯೇ ಎಂದು ಕೇಳಿದಳು. ಎರಡೂ ಇದ್ದವು. ಟ್ವೈಲಾ ಬಕೆಟ್ಟಿಗೆ ನೀರು ಬಿಟ್ಟು ತಂದುಕೊಟ್ಟಳು. ಆರ್ಲೀನ್ ಕೋಟು ಬಿಚ್ಚಿ ಬಾಗಿಲ ಹಿಡಿಕೆಗೆ ತೂಗುಹಾಕಿ, ತೋಳು ಮೇಲೇರಿಸಿಕೊಂಡು, ಗಾಜಿನ ಮೇಲ್ತುದಿಯಿಂದ ತೊಳೆಯಲು ಶುರುಮಾಡಿದಳು.